ಗುರುಗಳ ಗುಳ್ಳ

ನಮ್ಮ ಸಿದ್ದಾಪುರದ ಹೆಸರಿನಲ್ಲಿ ಸಿದ್ಧರಿದ್ದಾರೆ. ಒಬ್ಬರೋ ಹಲವರೋ, ಯಾವ ಗುಡ್ಡದ ಮೇಲೆ ಕೂತು ಏನು ಸಾಧಿಸಿದರೋ, ಹೆಸರು ಅದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಅವರ ಮಹಾಪ್ರಾಣವನ್ನೂ ನಾವು ಉಳಿಸಿಲ್ಲ. ಬಸ್ಸಿನ ಬೋರ್ಡಿನ ಮೇಲೆ ಸಿದ್ಧರು ಅಲ್ಪಪ್ರಾಣಿಗಳಾಗಿ ಶಿರಸಿ–ಸಾಗರಗಳ ನಡುವೆ ಬೆಳಗಿನಿಂದ ರಾತ್ರಿವರೆಗೆ ಓಡಾಡುತ್ತಾರೆ.

ಇವರು ಒಂದೇ ಊರಿನಲ್ಲಿ ನಿಂತವರೂ ಅಲ್ಲ. ಕೊಡಗಿನ ಕಾಫಿ ತೋಟಗಳ ನಡುವೆ ಒಂದು ಸಿದ್ದಾಪುರ, ಕುಂದಾಪುರದಿಂದ ಘಟ್ಟದ ಕಡೆ ಹೊರಟರೆ ಇನ್ನೊಂದು, ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಲ್ಲಿ ಮತ್ತೊಂದು. ಮೊಳಕಾಲ್ಮೂರಿನ ಬಂಡೆಗಳ ನಡುವಿನ ಸಿದ್ದಾಪುರವಂತೂ ಅಶೋಕನ ಶಾಸನವನ್ನೇ ಇಟ್ಟುಕೊಂಡು ಕೂತಿದೆ. ನನಗೆ ಬರಬೇಕಿದ್ದ ಪುಸ್ತಕದ ಕಟ್ಟೊಂದು ಕೊಡಗಿಗೆ ಹೋಗಿ ಅಲ್ಲಿಯ ಮಳೆಗಾಲ ಅನುಭವಿಸಿ ಬಂತು. ಕೇಳಿದರೆ ಕೊರಿಯರ್ ಹುಡುಗ, "ಸಿದ್ದಾಪುರ ಅಂತ ಬರದ್ರೆ ಯಾವ್ದು ಅಂತ ತಿಳ್ಕಳ್ಳೋದು ಸಾರ್? ಪಿನ್ ಹಾಕ್ಸಿ" ಎಂದ. ಅವನದೂ ಸರಿಯೇ. ಈಗಿನ ಕಾಲದಲ್ಲಿ ನಮ್ಮ ಸಿದ್ಧರನ್ನು ಉಳಿದ ಸಿದ್ಧರಿಂದ ಬೇರೆ ಮಾಡುವುದು 581355 ಎಂಬ ಆರಂಕಿಯ ಮಂತ್ರ ಮಾತ್ರ.

ಊರಿನ ಹೆಸರಾದರೆ ಪಿನ್‌ಕೋಡು ಇದೆ. ಮನುಷ್ಯರಿಗೆ ಏನು ಮಾಡುವುದು? ಶ್ರೀಧರ ಸ್ವಾಮಿಗಳು ಹುಟ್ಟಿದ್ದು 1908ರಲ್ಲಿ, ಕಲಬುರಗಿ ಸೀಮೆಯ ಲಾಡ್ ಚಿಂಚೋಳಿಯಲ್ಲಿ. ಸಮರ್ಥ ರಾಮದಾಸರ ಸಜ್ಜನಗಡದಲ್ಲಿ ಸಾಧನೆ ಮಾಡಿ, ದೇಶ ಸುತ್ತಿ, ಕೊನೆಗೆ ನೆಲೆ ನಿಂತದ್ದು ನಮ್ಮ ನೆರೆಯ ಸಾಗರ ತಾಲೂಕಿನ ವರದಹಳ್ಳಿಯಲ್ಲಿ. 1973ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ವರದಹಳ್ಳಿ ವರದಪುರವಾಯಿತು, ಅಲ್ಲಿಯ ನೀರು ಶ್ರೀಧರ ತೀರ್ಥವಾಯಿತು, ಸುತ್ತಲಿನ ಸೀಮೆಯಲ್ಲಿ ಹುಟ್ಟಿದ ಗಂಡುಮಕ್ಕಳೆಲ್ಲ ಶ್ರೀಧರರಾದರು. ನಮ್ಮ ಶಾಲೆಯಲ್ಲಿ ಮಾಸ್ತರು "ಶ್ರೀಧರಾ" ಎಂದು ಕೂಗಿದರೆ ಒಂದು ಬೆಂಚು ಬೆಂಚೇ ಎದ್ದು ನಿಲ್ಲುತ್ತಿತ್ತು. ಹಾಗಾಗಿ ಊರು ಅವರಿಗೆ ಎರಡನೆಯ ನಾಮಕರಣ ಮಾಡಿತು: ಮೇಲಿನಮನೆ ಶ್ರೀಧರ, ಕೆಳಗಿನಮನೆ ಶ್ರೀಧರ, ಗಿರಣಿ ಶ್ರೀಧರ, ಎಲ್ಲೈಸಿ ಶ್ರೀಧರ, ಉದ್ದ ಶ್ರೀಧರ. ಸ್ವಾಮಿಗಳ ಹೆಸರು ಎಲ್ಲರಿಗೂ ಸಮಪಾಲಾದ ಮೇಲೆ ಗುರುತಿಗೆ ಉಳಿದದ್ದು ಗಿರಣಿ, ವಿಮೆ ಮತ್ತು ಎತ್ತರ.

ರಾಘವೇಂದ್ರರ ಪಾಡೂ ಅದೇ. 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶಿಸಿದ ಗುರುಗಳು ನಮ್ಮ ಜಗಲಿಗಳಲ್ಲಿ ರಾಗು, ರಗ್ಗು ಆಗಿ ಕವಳ ಹಾಕುತ್ತ ಕೂತಿದ್ದಾರೆ. ಹೆಸರಿಡುವಾಗ ಅಜ್ಜಿಯರು ಅಜಾಮಿಳನ ಲೆಕ್ಕ ಹಾಕಿರುತ್ತಾರೆ. ಜನ್ಮವಿಡೀ ಮಾಡಬಾರದ್ದು ಮಾಡಿದವನು ಸಾಯುವ ಹೊತ್ತಿಗೆ ಮಗನನ್ನು ನಾರಾಯಣಾ ಎಂದು ಕರೆದು ಪಾರಾದನಲ್ಲ, ಆ ಲೆಕ್ಕ. ಆದರೆ ಅಜಾಮಿಳ ಘಟ್ಟದ ಮೇಲಿನವನಾಗಿರಲಿಲ್ಲ ಎಂಬುದನ್ನು ಅಜ್ಜಿಯರು ಮರೆಯುತ್ತಾರೆ. ಇಲ್ಲಿಯವನಾಗಿದ್ದರೆ ಮಗನನ್ನು "ನಾಣೀ" ಎಂದು ಕರೆಯುತ್ತಿದ್ದ, ಯಮದೂತರು ಎಳೆದುಕೊಂಡೇ ಹೋಗುತ್ತಿದ್ದರು. ನಮ್ಮಲ್ಲಿ ಪೂರ್ತಿ ಹೆಸರು ಬಾಯಿಗೆ ಬರುವುದು ಸಿಟ್ಟು ಬಂದಾಗ ಮಾತ್ರ. "ಗುರುರಾಜಾ, ಹಾಳಾದವ್ನೇ, ಅಂಗಿಗೆ ಮತ್ತೆ ಬಾಳೆಸೊನೆ ಮೆತ್ಕಂಡು ಬಂದ್ಯನೋ!" ಎಂದು ಆಯಿ ಕೂಗುವಾಗ ಪುಣ್ಯ ಯಾರ ಖಾತೆಗೆ ಜಮಾ ಆಗುತ್ತದೆಯೋ!

ಇದು ನಮ್ಮ ಮನೆಗಳ ಕತೆ ಮಾತ್ರವೂ ಅಲ್ಲ. ಶಿರಸಿ, ಯಲ್ಲಾಪುರ, ಹಳಿಯಾಳಗಳ ಕ್ರೈಸ್ತರಲ್ಲಿ ಸೆಬಾಸ್ಟಿಯನ್ ಬಸ್ತ್ಯಾಂವ್ ಆಗಿದ್ದಾನೆ, ಜೋಸೆಫ್ ಜುಜೆ ಆಗಿದ್ದಾನೆ. ಕಾಡಿನಂಚಿನ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಆಫ್ರಿಕದಿಂದ ಬಂದವರ ಮಕ್ಕಳಿಗೆ ಪೋರ್ಚುಗೀಸರ ಬಾಯಿಂದ ಕೊಂಕಣಿಗೆ ಇಳಿದ ಸಂತರ ಹೆಸರು. ನಮ್ಮ ಮನೆಯ ಬಾಗಿಲವಾಡ ಮಾಡಿಕೊಟ್ಟವನು ಜುಜೆ ಮೇಸ್ತ್ರಿ. ಸಂತ ಜೋಸೆಫರೂ ಬಡಗಿಯೇ ಆಗಿದ್ದರು ಎಂದು ಅವನೇ ಒಮ್ಮೆ ಉಳಿ ಮಸೆಯುತ್ತ ಹೇಳಿದ್ದ.

ಈಗ ಕ್ಯಾಲಿಫೋರ್ನಿಯಾದ ನಕಾಶೆ ತೆಗೆದು ನೋಡಿ. ನಮ್ಮ ಹುಡುಗರು ಹೋಗಿ ಸೇರಿಕೊಂಡ ಊರುಗಳು ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ, ಸಾಂತಾ ಕ್ಲಾರಾ. 1776–77ರ ಸುಮಾರಿಗೆ ಅಲ್ಲಿ ನೆಲೆಯೂರಿದ ಸ್ಪೇನಿನ ಪಾದ್ರಿಗಳೂ ಸಿಪಾಯಿಗಳೂ ಸಂತರಿಗೆ ಒಂದೊಂದು ಊರು ಹಂಚಿಬಿಟ್ಟರು. ತೋಟ ಬಿಟ್ಟು ಮಗನ ಮನೆಗೆ ಹೋಗಿ ಬಂದ ನಮ್ಮೂರ ಹೆಗಡೆಯವರು "ಮಾಣಿ ಸ್ಯಾನ್ ಹೋಸೆಯಲ್ಲಿ ಮನೆ ತಗಂಡ" ಎಂದು ಗತ್ತಿನಿಂದ ಹೇಳುತ್ತಾರಲ್ಲ, ಆ ಹೋಸೆ ಬೇರೆ ಯಾರೂ ಅಲ್ಲ, ನಮ್ಮ ಜುಜೆಯೇ. ಈ ಸಂಗತಿಯನ್ನು ಹೆಗಡೆಯವರಿಗೆ ತಿಳಿಸಿದೆ. ಅವರಿಗೆ ಅಷ್ಟು ಖುಷಿಯಾದಂತೆ ಕಾಣಲಿಲ್ಲ. ಜುಜೆಗೆ ಆಯಿತು.

ಊರವರು ಇಟ್ಟ ಹೆಸರಿಗೂ ಸರಕಾರ ಇಟ್ಟ ಹೆಸರಿಗೂ ವ್ಯತ್ಯಾಸ ತಿಳಿಯಬೇಕಾದರೆ ರೈಲು ಹತ್ತಬೇಕು. ನಮ್ಮ ತಾಲೂಕಿಗೆ ರೈಲಿಲ್ಲ. ಬೆಂಗಳೂರಿಗಾದರೆ ತಾಳಗುಪ್ಪ, ಉತ್ತರದ ಕಡೆಗಾದರೆ ಹುಬ್ಬಳ್ಳಿ. ಹುಬ್ಬಳ್ಳಿಯ ನಿಲ್ದಾಣಕ್ಕೆ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿಟ್ಟರು. 1929ರಲ್ಲಿ ತೀರಿಕೊಂಡ ಸಿದ್ಧಾರೂಢರ ಮಠಕ್ಕೆ ಜಾತಿ ಕೇಳದೆ ಜನ ಬರುತ್ತಿದ್ದರು, ಈಗಲೂ ಬರುತ್ತಾರೆ. ಆ ಊರಿನಲ್ಲಿ ಆ ಹೆಸರಿಗಿಂತ ಸಲ್ಲುವ ಹೆಸರು ಇನ್ನೊಂದಿಲ್ಲ. ಆದರೂ ಆಟೋದವನಿಗೆ ನಾವು ಹೇಳುವುದು "ಸ್ಟೇಷನ್" ಎಂದೇ. 2023ರಲ್ಲಿ ಅಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಅತಿ ಉದ್ದದ್ದು. ಅಕ್ಕಿ ಚೀಲ, ಉಪ್ಪಿನಕಾಯಿ ಭರಣಿ ಹೊತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಓಂ ನಮಃ ಶಿವಾಯ ತಾನಾಗಿಯೇ ಬಾಯಿಗೆ ಬರುತ್ತದೆ. ಮಠದ ಮಂತ್ರವೂ ಅದೇ ಆದ್ದರಿಂದ ಹೆಸರಿಟ್ಟದ್ದು ಸಾರ್ಥಕವಾಯಿತೆನ್ನಬೇಕು. ಬೆಂಗಳೂರಿನ ಬಸವೇಶ್ವರ ವೃತ್ತಕ್ಕೆ ಈ ಭಾಗ್ಯವೂ ಇಲ್ಲ. ಅಲ್ಲಿದ್ದ ಹೋಟೆಲಿನ ಹೆಸರು ಹಿಡಿದು ಜನ ಅದನ್ನು ಚಾಲುಕ್ಯ ಸರ್ಕಲ್ ಎಂದೇ ಕರೆಯುತ್ತಾರೆ. ಮಲ್ಪೆಯ ಎದುರಿನ ದ್ವೀಪಕ್ಕೆ 1498ರಲ್ಲಿ ವಾಸ್ಕೋ ಡ ಗಾಮ ಸಂತ ಮೇರಿಯ ಹೆಸರಿಟ್ಟನೆಂದು ಹೇಳುತ್ತಾರೆ; ಮೀನುಗಾರರಿಗೆ ಅದು ತೋನ್ಸೆಪಾರ್.

ಇನ್ನೊಂದು ತಮಾಷೆ ಇದೆ. ಯಾರ ಹೆಸರನ್ನು ನಾವು ಫಲಕಗಳ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ಬರೆಸುತ್ತೇವೋ ಅವರು ತಾವು ಬರೆದದ್ದಕ್ಕೆ ತಮ್ಮ ಹೆಸರು ಹಾಕಿದವರಲ್ಲ. ಬಸವಣ್ಣನವರದು ಕೂಡಲಸಂಗಮದೇವ. ಕನಕದಾಸರದು ಕಾಗಿನೆಲೆಯ ಆದಿಕೇಶವ. ಶ್ರೀನಿವಾಸ ನಾಯಕ ಎಂಬ ಸಾಹುಕಾರರು ಪುರಂದರವಿಠಲನ ಅಂಕಿತದಲ್ಲಿ ಹಾಡಿ ಹಾಡಿ ಕೊನೆಗೆ ತಮ್ಮ ಹೆಸರನ್ನೇ ಕಳೆದುಕೊಂಡು ಪುರಂದರದಾಸರಾದರು. ನಾವೋ, ಊರಿಗೊಂದು ತಂಗುದಾಣ ಕಟ್ಟಿಸಿದರೂ ದೇಣಿಗೆ ಕೊಟ್ಟವರ ಹೆಸರು ಕೆತ್ತಿಸಿ, ಉಳಿದ ಜಾಗದಲ್ಲಿ ಸಂತರನ್ನು ಕೂಡಿಸುತ್ತೇವೆ.

ಅಂಕಿತದ ಮಾತು ಬಂದದ್ದರಿಂದ ಹಯವದನನ ಅಂಕಿತದ ವಾದಿರಾಜರ ಬಳಿಗೇ ಬರುತ್ತೇನೆ. ಶಿರಸಿ ತಾಲೂಕಿನ ಸೋಂದೆ ಸಣ್ಣ ಊರು. ಅಲ್ಲಿ ಅದ್ವೈತಿಗಳ ಸ್ವರ್ಣವಲ್ಲಿ ಮಠವಿದೆ, ದ್ವೈತಿಗಳ ಸೋದೆ ವಾದಿರಾಜ ಮಠವಿದೆ, ಭಟ್ಟಾಕಲಂಕ ಎಂಬ ಹೆಸರನ್ನು ಪೀಠದ ಜೊತೆಗೇ ದಾಟಿಸಿಕೊಂಡು ಬಂದ ಜೈನರ ಸ್ವಾದಿ ಮಠವೂ ಇದೆ. ವಾದ ಮಾಡಬೇಕೆಂದರೆ ಬೇರೆ ಊರಿಗೆ ಹೋಗಬೇಕಾದ್ದಿಲ್ಲ. ವಾದಿರಾಜರು ಹುಟ್ಟಿದ್ದು ಕುಂದಾಪುರದ ಹತ್ತಿರದ ಹೂವಿನಕೆರೆಯಲ್ಲಿ. ಉಡುಪಿಯಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಕೃಷ್ಣಪೂಜೆಯ ಪಾಳಿಯನ್ನು ಎರಡು ವರ್ಷಕ್ಕೆ ಏರಿಸಿ, 1522ರಿಂದ ಈಗಿನ ಪರ್ಯಾಯ ನಡೆಸಿಕೊಟ್ಟವರು ಅವರೇ. ಕೊನೆಗೆ ಘಟ್ಟ ಹತ್ತಿ ಬಂದು ಬೃಂದಾವನಸ್ಥರಾದದ್ದು ಸೋದೆಯಲ್ಲಿ. ನೂರಿಪ್ಪತ್ತು ವರ್ಷ ಬದುಕಿದ್ದರೆಂದು ಸಂಪ್ರದಾಯ ಹೇಳುತ್ತದೆ.

ಅವರ ಹೆಸರಿನ ಹುಡುಗರು, ರಸ್ತೆಗಳು, ಕಲ್ಯಾಣ ಮಂಟಪಗಳು ಎಷ್ಟೋ ಇವೆ. ಅವು ಯಾವುದೂ ನನಗೆ ಮುಖ್ಯವಲ್ಲ. ಮುಖ್ಯವಾದದ್ದು ಒಂದು ಬದನೆಕಾಯಿ. ಉಡುಪಿಯ ಕಟಪಾಡಿಯ ಹತ್ತಿರ ಹೊಳೆಗೂ ಕಡಲಿಗೂ ನಡುವೆ ಮಟ್ಟು ಎಂಬ ಊರಿದೆ. ಅಲ್ಲಿ ಬೆಳೆಯುವ ದುಂಡನೆಯ, ತಿಳಿಹಸಿರಿನ, ಬಿಳಿ ಗೀರುಗಳ ಕಾಯಿಯೇ ಮಟ್ಟು ಗುಳ್ಳ. ಅದರ ಬೀಜ ಕೊಟ್ಟವರು ವಾದಿರಾಜರು ಎಂಬ ನಂಬಿಕೆಯಿಂದ ಅದು ವಾದಿರಾಜ ಗುಳ್ಳವೂ ಹೌದು. ಹಯಗ್ರೀವನ ಮಡ್ಡಿಗೆ ಯಾರೋ ವಿಷ ಬೆರೆಸಿದ್ದು, ದೇವರೇ ಅದನ್ನು ತಿಂದು ಮೈ ನೀಲಿಯಾದದ್ದು, ಆ ವಿಷ ಇಳಿದದ್ದು ಗುಳ್ಳದ ನೈವೇದ್ಯದಿಂದ: ಹೀಗೆ ಕತೆ ಸಾಗುತ್ತದೆ. ಬೆಳೆಯ ಮೊದಲ ಫಲ ಈಗಲೂ ಕೃಷ್ಣನಿಗೆ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಬದನೆಗೆ ಆರಿಸಿಕೊಂಡ ತಳಿಗಳಲ್ಲಿ ಗುಳ್ಳವೂ ಒಂದಾಗಿತ್ತು. 2010ರಲ್ಲಿ ಕೇಂದ್ರ ಸರಕಾರ ಬಿಟಿ ಬದನೆಯನ್ನೇ ತಡೆಹಿಡಿದದ್ದರಿಂದ ಗುರುಗಳ ಬೀಜ ಗುರುಗಳು ಕೊಟ್ಟ ಹಾಗೇ ಉಳಿಯಿತು.

ನಮ್ಮ ಕಡೆ ತಕರಾರು ಇಲ್ಲದಿಲ್ಲ. ಗುರುಗಳು ಕೊನೆಗೆ ಬಂದದ್ದು ನಮ್ಮಲ್ಲಿಗೆ, ಬೃಂದಾವನ ನಮ್ಮಲ್ಲಿ, ಬದನೆಕಾಯಿ ಮಾತ್ರ ಘಟ್ಟದ ಕೆಳಗೆ! ಸಮಾಧಾನಕ್ಕೆ ನಮಗೆ ಅಪ್ಪೆಮಿಡಿ ಇದೆ. ಅದರಲ್ಲಿ ಹೆಸರಾಂತದ್ದು ಅನಂತಭಟ್ಟನ ಅಪ್ಪೆ. ಅನಂತಭಟ್ಟ ಯತಿಯಲ್ಲ, ಪವಾಡ ಮಾಡಿದವನಲ್ಲ. ಒಂದು ಮಾವಿನ ಮರದ ಜೊತೆ ಹೆಸರು ಅಂಟಿಸಿಕೊಂಡ ಗೃಹಸ್ಥ. ಉಪ್ಪಿನಕಾಯಿ ಭರಣಿ ತೆರೆದಾಗಲೆಲ್ಲ ಅವನ ಹೆಸರು ಹೇಳುತ್ತೇವೆ. ವರ್ಷಕ್ಕೊಮ್ಮೆ ಜಯಂತಿಯ ದಿನ ಹೂಮಾಲೆ ಕಾಣುವ ಸರ್ಕಲ್ಲಿನ ಸಂತರಿಗೆ ಈ ಯೋಗವಿಲ್ಲ. ನನ್ನ ತೀರ್ಮಾನ ಇಷ್ಟೇ: ಸಿಮೆಂಟಿನ ಮೇಲಿನ ಹೆಸರನ್ನು ಜನ ಓದುವುದಿಲ್ಲ, ತಿನ್ನುವ ವಸ್ತುವಿನ ಹೆಸರನ್ನು ಮರೆಯುವುದಿಲ್ಲ.

ಈಚೆಗೆ ಬೇರೆ ಕಡೆಯ ಬದನೆಯನ್ನೂ ಗುಳ್ಳವೆಂದು ಮಾರುತ್ತಾರೆ. ಅದಕ್ಕೇ ಮಟ್ಟುವಿನ ಬೆಳೆಗಾರರು ಕಾಯಿಯ ಮೇಲೆ ಸ್ಟಿಕ್ಕರ್ ಅಂಟಿಸಿ ಪೇಟೆಗೆ ಕಳಿಸುತ್ತಾರೆ. ಉಡುಪಿಯ ಕಡೆ ಹೋದರೆ ಸ್ಟಿಕ್ಕರ್ ನೋಡಿಯೇ ಕೊಳ್ಳಿ. ಅಲ್ಲಿಯವರು ಕೊದ್ದೆಲು ಮಾಡಿ ಎನ್ನುತ್ತಾರೆ, ಮಾಡಿ. ಒಂದೆರಡು ಕಾಯಿ ಉಳಿಸಿಕೊಂಡು, ಕೆಂಡದಲ್ಲಿ ಸುಟ್ಟು, ಮೊಸರು ಹಾಕಿ ನಮ್ಮ ಕಡೆಯ ಹಶಿಯನ್ನೂ ಮಾಡಿ ನೋಡಿ.