ಕಣ

ಅಪ್ಪ ತೀರಿಕೊಂಡ ಮೇಲೆ ಊರಿಂದ ತಂದ ಸಾಮಾನಿನಲ್ಲಿ ಉದ್ದನೆಯದೊಂದು ಲೆಕ್ಕದ ಪುಸ್ತಕವಿತ್ತು. ಹಿಂದಿನ ಪುಟಗಳಲ್ಲಿ ಸೊಸೈಟಿ ಸಾಲದ ಲೆಕ್ಕ, ಮುಂದಿನ ಪುಟಗಳಲ್ಲಿ ನೆನಪುಗಳು. ಇಂಡಿ ತಾಲ್ಲೂಕಿನ ಒಣ ಬೇಸಾಯ, ಎತ್ತುಗಳ ಹೆಸರು, ಯಾರ ಮದುವೆಗೆ ಎಷ್ಟು ಖರ್ಚಾಯಿತು ಎಂಬಂಥವು. ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದಲಾರಳು. ಅವಳಿಗಾಗಿ ಇದನ್ನು ಮರಾಠಿಗೆ ತರಬೇಕೆಂದುಕೊಂಡೆ. ನನ್ನ ಮರಾಠಿಯೋ ರಿಕ್ಷಾದವರ ಜೊತೆ ಜಗಳಕ್ಕೆ ಸಾಕು, ಬರೆಯಲು ಸಾಲದು.

ಕೆಳಗಿನ ಮನೆಯ ಕಾಕೂ ಮರಾಠಿ ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತರಾದವರು, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯವರು. ರವಿವಾರ ಬೆಳಿಗ್ಗೆ ನಾನು ಕನ್ನಡ ಓದಿ, ನನಗೆ ತಿಳಿದ ಮರಾಠಿಯಲ್ಲಿ ಹೇಳುವುದು, ಅವರು ಬರೆಯುವುದು ಎಂದಾಯಿತು. ಪದ್ಧತಿ ಹೊಸದೇನಲ್ಲ. ಇದೇ ಪುಣೆಯಲ್ಲಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಓದಿ, ಉಮಾ ಕುಲಕರ್ಣಿಯವರು ಕೇಳಿ ಬರೆದೇ ಭೈರಪ್ಪ, ಕಾರಂತರ ಕಾದಂಬರಿಗಳು ಮರಾಠಿಗೆ ಹೋದವು. ಅವರು ಗಂಡ ಹೆಂಡತಿ. ಬೇಸರ ಬಂದರೆ ಚಹಾ ಕುಡಿದು ಮುಂದುವರಿಯಬಹುದು. ನಾನು ಮಾತ್ರ ಮೊದಲೆರಡು ವಾರ ಮುಖ ಸಿಂಡರಿಸಿಕೊಂಡೇ ಮೇಲೆ ಬರುತ್ತಿದ್ದೆ. ಕಾಕೂ ಬರೆದುಕೊಡುತ್ತಾರೆ ಎಂದಷ್ಟೇ ಎಣಿಸಿದ್ದೆ. ಅವರು ಸಾಲಿಗೊಂದು ಪ್ರಶ್ನೆ ಕೇಳುತ್ತಿದ್ದರು.

ಮೂರನೆಯ ವಾರ 1972ರ ಪುಟ ಬಂತು. ಅಪ್ಪ ಬರೆದದ್ದು ಒಂದೇ ಸಾಲು: ‘ಆ ವರ್ಷ ಕಣ ಮಾಡಲಿಲ್ಲ.’ ಕಣಕ್ಕೆ ಮರಾಠಿ ಶಬ್ದ ಹೊಳೆಯದೆ ‘ಕಣ’ ಎಂದೇ ಹೇಳಿಬಿಟ್ಟೆ. ಮರಾಠಿಯಲ್ಲಿ ಕಣ ಎಂದರೆ ಕಾಳಿನ ಚೂರು. ಕಾಕೂ ‘ಆ ವರ್ಷ ಒಂದು ಕಾಳೂ ಆಗಲಿಲ್ಲ’ ಎಂದು ಬರೆದು ಪೆನ್ನು ಕೆಳಗಿಟ್ಟರು. ನಾನು ತಪ್ಪು ತಿದ್ದಲು ಹೋದೆ: ಅದಲ್ಲ ಕಾಕೂ, ನೆಲ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ಹಂತಿ ಹೊಡೆಯುತ್ತಾರಲ್ಲ, ಆ ಜಾಗ.

“ಖಳಂ!” ಅಂದರು. “ಆದರೆ ಯಾಕೆ ಮಾಡಲಿಲ್ಲ?”

“ಮಾಡಲಿಲ್ಲ, ಅಷ್ಟೇ.”

“ಜೋಳದ ಊರಲ್ಲಿ ಕಣ ಮಾಡಲಿಲ್ಲ ಅಂದರೆ ಅಷ್ಟೇ ಅಲ್ಲಪ್ಪಾ.” ಆಮೇಲೆ ಅವರು ತಮ್ಮ 1972 ಹೇಳಿದರು. ಬರಗಾಲದ ಕಾಮಗಾರಿಯಲ್ಲಿ ಅವರ ತಾಯಿ ಕೆರೆಯ ಮಣ್ಣು ಹೊತ್ತದ್ದು, ಶಾಲೆಯಲ್ಲಿ ಕೊಟ್ಟ ಸುಕಡಿ, ಅಮೆರಿಕದಿಂದ ಬಂದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿ. ಮಾಲದಂಡಿ ಜೋಳ ತಿಂದ ಬಾಯಿಗೆ ಅದು ಇಳಿಯುತ್ತಿರಲಿಲ್ಲವಂತೆ.

ಆ ಸಾಲನ್ನು ನಾನು ಹತ್ತು ಸಲ ಓದಿದ್ದೆ. ಶಬ್ದವೆಲ್ಲ ಗೊತ್ತಿದ್ದುದರಿಂದಲೇ ಎಲ್ಲೂ ನಿಂತಿರಲಿಲ್ಲ.

ರಾತ್ರಿ ಅವ್ವನಿಗೆ ಫೋನು ಹಚ್ಚಿದೆ. “ಕಣ ಎಲ್ಲಿ ಮಾಡ್ತಾರಪಾ, ತೆನಿನ ಬರಲಿಲ್ಲಂದ್ರ? ಕಣಿಕಿ ಕೊಯ್ದು ದನಕ್ಕ ಹಾಕಿದ್ರಂತ. ನಿಮ್ಮಪ್ಪ ಅವಾಗನ ಅಲ್ಲನು ಸೊಲ್ಲಾಪುರಕ್ಕ ಗಿರಣಿ ಕೆಲಸಕ್ಕ ಹೋಗಿದ್ದು? ಎಂಟು ತಿಂಗಳು ಇದ್ರಂತ. ನಮ್ಮ ಲಗ್ನಕ್ಕಿಂತ ಮೊದಲಿಂದು.”

ಅಪ್ಪ ಗಿರಣಿಯಲ್ಲಿ ದುಡಿದದ್ದು ನನಗೆ ಗೊತ್ತೇ ಇರಲಿಲ್ಲ. ಪುಸ್ತಕದಲ್ಲೂ ಇಲ್ಲ. 2004ರಲ್ಲಿ ನನಗೆ ಪುಣೆಯ ನೌಕರಿ ಸಿಕ್ಕಾಗ ಅವರು ಅಂದದ್ದು ಒಂದೇ ಮಾತು: “ಊರು ಬಿಟ್ಟವರಿಗೆ ಉಂಡದ್ದು ಮೈಗೆ ಹತ್ತೂದಿಲ್ಲ.” ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಅದನ್ನು ನಾನು ಶಾಪವೆಂದೇ ತಿಳಿದು ಇಷ್ಟು ವರ್ಷ ಹೊತ್ತುಕೊಂಡಿದ್ದೆ.

ಮುಂದಿನ ರವಿವಾರ ಕಾಕೂಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಲ್ಲಾಪುರದ ಸಂಗತಿ ಅಡಿಟಿಪ್ಪಣಿಯಲ್ಲಿ ಹಾಕೋಣ ಎಂದರು. ಅಪ್ಪ ಬರೆಯದ್ದನ್ನು ನಾವೇಕೆ ಬರೆಯಬೇಕು ಎಂದೆ. “ಬರೆಯುವುದು ನಿನ್ನ ಅಪ್ಪನಿಗಲ್ಲ, ನಿನ್ನ ಮಗಳಿಗೆ” ಎಂದರು. ಆ ದಿನ ಒಂದು ಸಾಲೂ ಮುಂದೆ ಹೋಗಲಿಲ್ಲ. ಕಡೆಗೆ ಅಪ್ಪನ ಸಾಲು ಇದ್ದಂತೆಯೇ ಉಳಿಯಿತು. ಕಾಕೂ ತಪ್ಪಾಗಿ ಕೇಳಿ ಬರೆದದ್ದನ್ನೂ ಹೊಡೆದುಹಾಕಲು ನನಗೆ ಮನಸ್ಸು ಬರಲಿಲ್ಲ. ಎರಡನ್ನೂ ಒಂದರ ಕೆಳಗೊಂದು ಇಟ್ಟೆವು. ಸೊಲ್ಲಾಪುರವನ್ನು ಮಗಳಿಗೆ ಬಾಯಲ್ಲೇ ಹೇಳಿದೆ.

ಅವಳು ಕೇಳಿದಳು: “ಹಂಗಾರ ಅಜ್ಜಾಗ ಮರಾಠಿ ಬರ್ತಿತ್ತಾ? ಮತ್ತ ನನ್ನ ಜೋಡಿ ಯಾಕ ಒಂದಿನಾನೂ ಮಾತಾಡಲಿಲ್ಲ?”

ಈ ರವಿವಾರ 1973ರ ಪುಟ. ಮಗಳೂ ಕೆಳಗೆ ಬಂದು ಕೂಡುತ್ತೇನೆ ಎಂದಿದ್ದಾಳೆ.