ಹೆಬ್ಬೆಟ್ಟಿನ ವಿವೇಕ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಈ ಬಯಲುಸೀಮೆಯ ಹಳ್ಳಿಗಳಲ್ಲಿ, ಎಂದೂ ಶಾಲೆಯ ಮೆಟ್ಟಿಲು ಹತ್ತದ ಹಿರಿಯರು ಇಂದಿಗೂ ಅನೇಕರಿದ್ದಾರೆ. ಆದರೆ ಅವರನ್ನು ತಿಳಿವಳಿಕೆಯಿಲ್ಲದವರೆಂದು ಯಾರೂ ಹೇಳಲಾರರು. ಮೋಡದ ಬಣ್ಣ ನೋಡಿ ಮಳೆಯನ್ನೂ, ಅಂಗೈಯಲ್ಲಿ ಹೊರಳಿಸಿ ಕಡಲೆಬೀಜದ ಗುಣವನ್ನೂ, ಹಲ್ಲು ನೋಡಿ ಎತ್ತಿನ ವಯಸ್ಸನ್ನೂ ಹೇಳಬಲ್ಲವರು ಅವರು. ಸಾಲಪತ್ರಗಳ ಕಾಲದಲ್ಲಿ ಬೆಂದು ಅವರು ಕಲಿತ ಇನ್ನೊಂದು ಪಾಠವೂ ಉಂಟು: ಏನು ಬರೆದಿದೆಯೆಂದು ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬಾರದು.

ಈಗ ಕಾಲ ಬದಲಾಗಿದೆ. ಹಣವು ಕೈಯಿಂದ ಕೈಗೆ ಬರುವುದಕ್ಕಿಂತ ಹೆಚ್ಚಾಗಿ ಬ್ಯಾಂಕಿನ ಖಾತೆಗೆ ಸದ್ದಿಲ್ಲದೆ ಬಂದು ಸೇರುತ್ತದೆ. ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ ಹಾಗೆ ಬರುತ್ತದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣವೂ ಹಾಗೆಯೇ ಬರುತ್ತದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಸ್ಥಾವರಕ್ಕೆ ರೈತರು ನೆಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಅಲ್ಲಿ ಒಂದು ಕಾಲಕ್ಕೆ ಕಣದಲ್ಲಿ ಕಡಲೆಕಾಯಿಯ ರಾಶಿಯನ್ನು ಕಣ್ಣಾರೆ ಕಂಡ ವೃದ್ಧ ರೈತನು, ಇಂದು ತನ್ನ ಹೊಲದ ಉತ್ಪನ್ನವನ್ನು ಮೊಬೈಲಿನ ಪರದೆಯ ಒಂದು ಸಾಲಿನಲ್ಲಿ ಕಾಣಬೇಕಾಗಿದೆ. ಆ ಸಾಲನ್ನು ಓದಲು ಬಾರದಿದ್ದರೆ ಅವನು ಮತ್ತೊಬ್ಬರನ್ನು ನಂಬಲೇಬೇಕು.

ಹಣವಿದ್ದಲ್ಲಿಗೆ ಕಳ್ಳನು ಬರುವುದು ಹೊಸದಲ್ಲ. ಆದರೆ ಇಂದಿನ ಕಳ್ಳನು ಗೋಡೆಗೆ ಕನ್ನ ಕೊರೆಯುವುದಿಲ್ಲ, ಕಿವಿಯಲ್ಲಿ ಮಾತನಾಡುತ್ತಾನೆ. “ನಿಮ್ಮ ಖಾತೆ ಇಂದೇ ಮುಚ್ಚಿಹೋಗುತ್ತದೆ, ಈಗ ಬಂದ ಸಂಖ್ಯೆ ಹೇಳಿ” ಎಂದು ಒಬ್ಬ ಅವಸರಪಡಿಸುತ್ತಾನೆ. “ನಿಮಗೆ ಬಹುಮಾನ ಬಂದಿದೆ, ಪಡೆಯಲು ಪಿನ್ ಒತ್ತಿ” ಎಂದು ಇನ್ನೊಬ್ಬ ಆಸೆ ತೋರಿಸುತ್ತಾನೆ. ಮತ್ತೊಬ್ಬನು ಪೊಲೀಸರ ಸಮವಸ್ತ್ರ ತೊಟ್ಟು ಪರದೆಯ ಮೇಲೆ ಕಾಣಿಸಿಕೊಂಡು, “ನಿಮ್ಮನ್ನು ಡಿಜಿಟಲ್ ಬಂಧನದಲ್ಲಿ ಇಟ್ಟಿದ್ದೇವೆ” ಎಂದು ಗದರಿಸುತ್ತಾನೆ. ಅಂತಹ ಬಂಧನವು ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದು 2024ರ ಅಕ್ಟೋಬರ್ ತಿಂಗಳ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳೇ ದೇಶಕ್ಕೆ ಎಚ್ಚರಿಕೆ ನೀಡಬೇಕಾಯಿತು. ಈ ಮೂವರ ವೇಷ ಬೇರೆಯಾದರೂ ಆಯುಧ ಒಂದೇ. ಯೋಚಿಸಲು, ಮನೆಯವರನ್ನು ಕೇಳಲು ಅವರು ಬಿಡುವು ಕೊಡುವುದಿಲ್ಲ.

ಕೊರಟಗೆರೆಯ ಕಡೆಯ ಒಂದು ಹಳ್ಳಿಯಲ್ಲಿ ಇಂಥ ಮಾತಿಗೆ ಮರುಳಾಗಿ ಹಣ ಕಳೆದುಕೊಂಡ ಅಜ್ಜಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಅವಳು ಆ ಸುದ್ದಿಯನ್ನು ಎರಡು ದಿನ ಯಾರಿಗೂ ಹೇಳುವುದಿಲ್ಲ. ಕಳ್ಳನ ಭಯ ಅದಕ್ಕೆ ಕಾರಣವಲ್ಲ. ಮನೆಯವರ ನಗೆಯ ಭಯ ಕಾರಣ. ಹಿಂದೊಮ್ಮೆ ಅವಳು ಮೊಬೈಲಿನ ವಿಷಯ ಏನೋ ಕೇಳಿದಾಗ, “ನಿನಗೆ ಇದೆಲ್ಲ ತಿಳಿಯಲ್ಲ, ಬಿಡಜ್ಜಿ” ಎಂದು ಮೊಮ್ಮಗ ನಕ್ಕಿದ್ದ. ಕದ್ದ ಹಣವು ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಕೂಡಲೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿದರೆ, ಕಳ್ಳನು ಅದನ್ನು ಹೊರತೆಗೆಯುವ ಮೊದಲೇ ನಡುವೆ ತಡೆಹಿಡಿಯುವ ಅವಕಾಶವುಂಟು. ಆ ಅವಕಾಶವನ್ನು ಅಜ್ಜಿಯ ಕೈಯಿಂದ ಕಸಿದುಕೊಂಡದ್ದು ಮೊಮ್ಮಗನ ನಗೆ. ಮೋಸಗಾರನಿಗೆ ತಿಳಿಯದೆಯೇ ಅವನಿಗೊಬ್ಬ ಸಹಾಯಕ ಮನೆಯೊಳಗೇ ದೊರೆತಂತಾಯಿತು.

ಹಾಗಾದರೆ ಹಿರಿಯರಿಗೆ ಕಲಿಸುವವರು ಯಾರು? 2017ರಲ್ಲಿ ಕೇಂದ್ರ ಸರ್ಕಾರವು ಗ್ರಾಮೀಣ ಡಿಜಿಟಲ್ ಸಾಕ್ಷರತೆಗಾಗಿ ಆರಂಭಿಸಿದ ದೊಡ್ಡ ಯೋಜನೆಯು 14ರಿಂದ 60 ವರ್ಷದವರೆಗಿನವರಿಗೆ ಮೀಸಲಾಗಿತ್ತು. ಅರವತ್ತು ದಾಟಿದವರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಅರಿವು ಕೇಂದ್ರಗಳೆನಿಸಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅನೇಕ ಕಡೆ ನೆರವಾಗಬಲ್ಲವು. ಆದರೂ ಅಜ್ಜಿ-ತಾತಂದಿರಿಗೆ ಅತ್ಯಂತ ಹತ್ತಿರದ ಪಾಠಶಾಲೆಯೆಂದರೆ ಮನೆಯ ಜಗಲಿಯೇ, ಉಪಾಧ್ಯಾಯರು ಮೊಮ್ಮಕ್ಕಳೇ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವವರಿಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳಿವೆ. ಕಡಿದಾದೆಡೆ ಹಿಡಿದುಕೊಳ್ಳಲು ಕಂಬಿಗಳಿವೆ. ಕಂಬಿಯು ಯಾರನ್ನೂ ಹೊತ್ತು ಒಯ್ಯುವುದಿಲ್ಲ. ಜಾರದಂತೆ ಆಸರೆಯಾಗುತ್ತದೆ, ಅಷ್ಟೆ. ಕಲಿಸುವ ಕೆಲಸವೂ ಹಾಗೆಯೇ. ಮೊಬೈಲನ್ನು ಕಸಿದುಕೊಂಡು ಕ್ಷಣದಲ್ಲಿ ಕೆಲಸ ಮುಗಿಸಿಕೊಡುವ ಮೊಮ್ಮಗನು ಅಜ್ಜಿಗೆ ಕಲಿಸುವುದು ಪರಾಧೀನತೆಯನ್ನು ಮಾತ್ರ. “ನೀನೇ ಒತ್ತಜ್ಜಿ, ನಾನು ಪಕ್ಕದಲ್ಲೇ ಇದೀನಿ” ಎನ್ನುವವನು ಅವಳಿಗೆ ಧೈರ್ಯವನ್ನು ಕಲಿಸುತ್ತಾನೆ. ಬೆರಳು ನಡುಗಬಹುದು, ಹತ್ತು ಸಲ ತಪ್ಪಬಹುದು. ಹನ್ನೊಂದನೆಯ ಸಲಕ್ಕೆ ಕಾಯುವ ತಾಳ್ಮೆಯೇ ಇಲ್ಲಿ ವಿದ್ಯಾದಾನ.

ಕಲಿಸಬೇಕಾದದ್ದು ಬಹಳವಿಲ್ಲ, ಪೂರ್ತಿ ಹೊಸತೂ ಅಲ್ಲ. ಪಿನ್ ಮತ್ತು ಓಟಿಪಿ ಎಂಬ ಸಂಖ್ಯೆಗಳು ಇಂದಿನ ಹೆಬ್ಬೆಟ್ಟುಗಳು. ಅವನ್ನು ಕೇಳಿದವರಿಗೆಲ್ಲ ಕೊಡಬಾರದು. ಹಣ ಕಳುಹಿಸಲು ಪಿನ್ ಬೇಕು, ಹಣ ಪಡೆಯಲು ಪಿನ್ ಬೇಕಿಲ್ಲ. ಅವಸರಪಡಿಸುವ ಕರೆಯನ್ನು ಮೊದಲು ಕಡಿದುಹಾಕಬೇಕು. ಆಮೇಲೆ ಮನೆಯವರನ್ನೋ ಬ್ಯಾಂಕಿನ ಶಾಖೆಯನ್ನೋ ವಿಚಾರಿಸಬೇಕು. ಊರಿಗೆ ಬರುವ ಯಂತ್ರದ ಮೇಲೆ ನಿಜವಾದ ಹೆಬ್ಬೆಟ್ಟನ್ನೇ ಒತ್ತುವಾಗಲೂ “ಎಷ್ಟು ರೂಪಾಯಿಗೆ?” ಎಂದು ಕೇಳಿ ರಸೀದಿ ಪಡೆಯಬೇಕು. 1930 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕು.

ಹೀಗೆ ಕಲಿತ ಅಜ್ಜಿಗೆ ಮತ್ತೊಂದು ದಿನ ಮತ್ತೊಂದು ಕರೆ ಬರುತ್ತದೆ. ಮಾತು ಇಂಪಾಗಿದೆ, ಅವಸರ ವಿಪರೀತವಾಗಿದೆ. ಅಜ್ಜಿ ತುಸು ಹೊತ್ತು ಕೇಳಿ, “ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತೋಳಲ್ಲಪ್ಪ ನಾನು” ಎಂದು ಕರೆಯನ್ನು ಕಡಿದುಹಾಕುತ್ತಾಳೆ. ಪಕ್ಕದಲ್ಲಿ ಓದುತ್ತ ಕುಳಿತಿದ್ದ ಮೊಮ್ಮಗನು ತಲೆಯೆತ್ತಿ ನೋಡುತ್ತಾನೆ. ಈ ಸಲ ಅವನು ನಗುವುದಿಲ್ಲ. ಆ ಮಾತು ಎಷ್ಟು ಹಳೆಯದೆಂದು, ಇಂದಿಗೂ ಎಷ್ಟು ನಿಜವೆಂದು ಯೋಚಿಸುತ್ತಾನೆ.