ಮೆಲ್ಲಗೆ ಮಾತನಾಡಿದರೆ ಬಳಿಗೆ ಬರುವ ಯಂತ್ರ

ಧಾರವಾಡದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ನಾನೊಂದು ಚಪ್ಪಾಳೆ ದೀಪ ಮಾಡಿದ್ದೆ. ಒಂದು ಮೈಕು, ಎರಡು ಟ್ರಾನ್ಸಿಸ್ಟರು, ಒಂದು ಐ.ಸಿ., ಒಂದು ರಿಲೇ, 40 ವ್ಯಾಟಿನ ಬಲ್ಬು. ಚಪ್ಪಾಳೆ ತಟ್ಟಿದರೆ ಹತ್ತಬೇಕು, ಮತ್ತೆ ತಟ್ಟಿದರೆ ಆರಬೇಕು. ಪರೀಕ್ಷೆಯ ದಿನ ಪರೀಕ್ಷಕರು ಎಷ್ಟು ತಟ್ಟಿದರೂ ಅದು ಸುಮ್ಮನಿತ್ತು. ಅವರು ಹೊರಗೆ ಹೋಗಿ ಬಾಗಿಲು ದಡಾರನೆ ಮುಚ್ಚಿಕೊಂಡಾಗ ಝಗ್ಗನೆ ಹೊತ್ತಿತು! ಮಾರ್ಕ್ಸ್ ಎಷ್ಟು ಬಂತೆಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಮುಂದೆ ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತನಾಗಿ ಮುಂಬಯಿ ಸೇರಿದೆ. ನನ್ನ ಎಲೆಕ್ಟ್ರಾನಿಕ್ಸ್ ವಿದ್ಯೆ ಮನೆಯ ಮಿಕ್ಸಿ ರಿಪೇರಿಗೆ ಬಂದು ನಿಂತಿತು.

ಆ ದೀಪ ಮತ್ತೆ ನೆನಪಾದದ್ದು ಕಳೆದ ಮಳೆಗಾಲದಲ್ಲಿ. ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಮೊಬೈಲಿನಲ್ಲಿ ಹಳೆಯ ಫಿಲ್ಮಿನ ತುಣುಕೊಂದನ್ನು ನೋಡುತ್ತಿದ್ದಳು. ಉಕ್ಕಿನ ಕೊಳವೆಗಳಿಂದ ಮಾಡಿದ ದೊಡ್ಡ ಪ್ರಾಣಿಯೊಂದು ಜಿರಾಫೆಯ ಹಾಗೆ ಕತ್ತು ಬಾಗಿಸಿ, ಸುತ್ತ ನಿಂತ ಜನರ ಕಡೆ ತಿರುಗುತ್ತಿತ್ತು. ಅದರ ಹೆಸರು ಸೆನ್‌ಸ್ಟರ್. ಮಾಡಿದವರು ಎಡ್ವರ್ಡ್ ಇಹ್ನಾಟೋವಿಚ್. 1926ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಊರು ಬಿಟ್ಟು, ಇಂಗ್ಲೆಂಡಿನಲ್ಲಿ ನೆಲೆಸಿದ ಶಿಲ್ಪಿ. 1968ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ಅವರ ‘ಸ್ಯಾಮ್’ ಎಂಬ ಪುಟ್ಟ ಯಂತ್ರವಿತ್ತು. ಬೆನ್ನೆಲುಬಿನಂಥ ಕಂಬದ ಮೇಲೆ ಹೂವಿನಂಥ ತಲೆ, ಸದ್ದು ಬಂದ ಕಡೆ ತಿರುಗುವುದು ಅದರ ಕೆಲಸ. ಸೆನ್‌ಸ್ಟರ್ ಅದರ ದೊಡ್ಡಣ್ಣ. ಫಿಲಿಪ್ಸ್ ಕಂಪನಿ ಮಾಡಿಸಿ, 1970ರಿಂದ 1974ರವರೆಗೆ ಹಾಲೆಂಡಿನ ಐಂಡ್‌ಹೋವನ್ ನಗರದ ತನ್ನ ಎವೊಲುವಾನ್ ಪ್ರದರ್ಶನ ಭವನದಲ್ಲಿ ಇಟ್ಟಿತ್ತು.

ಜೆ.ಸಿ.ಬಿ.ಯ ತೋಳು ಎಣ್ಣೆಯ ಒತ್ತಡದಿಂದ ಆಡುವುದನ್ನು ನೀವು ನೋಡಿದ್ದೀರಿ. ಸೆನ್‌ಸ್ಟರಿನ ಕೀಲುಗಳೂ ಹಾಗೆಯೇ ಆಡುತ್ತಿದ್ದವು. ರಚನೆಯನ್ನು ಮಾತ್ರ ಇಹ್ನಾಟೋವಿಚ್ ಕಡಲ ಸೀಗಡಿಯ ಜಾತಿಯ ಲಾಬ್‌ಸ್ಟರಿನ ಕೊಂಡಿಯಿಂದ ಕಲಿತರು. ತಲೆಯಲ್ಲಿ ಮೈಕುಗಳು, ಜನರ ಚಲನೆ ಗುರುತಿಸಲು ರಾಡಾರು. ಸದ್ದು ಒಂದು ಮೈಕಿಗೆ ಮೊದಲು, ಇನ್ನೊಂದಕ್ಕೆ ಒಂದಿಷ್ಟು ತಡವಾಗಿ ಮುಟ್ಟುತ್ತದೆ. ಎರಡರ ನಡುವೆ ಒಂದಡಿ ಅಂತರವಿದ್ದರೂ ಈ ತಡ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಿಂದಲೇ ಸದ್ದಿನ ದಿಕ್ಕು ತಿಳಿಯುತ್ತದೆ. ನಮ್ಮ ಎರಡು ಕಿವಿಗಳೂ ಮಾಡುವುದು ಇದನ್ನೇ. ಆ ದಿಕ್ಕಿಗೆ ಕತ್ತು ತಿರುಗಿಸುವ ಕೆಲಸ ಕಂಪ್ಯೂಟರಿನದು.

ಆದರೆ ನಾನು ಬೆರಗಾದದ್ದು ಬೇರೆ ಕಾರಣಕ್ಕೆ. ಮೆಲುದನಿಯಲ್ಲಿ ಮಾತನಾಡಿದರೆ ಆ ಪ್ರಾಣಿ ಬಳಿಗೆ ಬರುತ್ತಿತ್ತು. ಚೀರಿದರೆ, ಥಟ್ಟನೆ ಕೈ ಬೀಸಿದರೆ, ಹಿಂದೆ ಸರಿಯುತ್ತಿತ್ತು. ನನ್ನ ಚಪ್ಪಾಳೆ ದೀಪಕ್ಕೆ ಬಾಗಿಲು ಬಡಿಯಬೇಕಾಗಿತ್ತು. ಇದಕ್ಕೆ ಪಿಸುಮಾತೇ ಸಾಕು.

ಮೊಮ್ಮಗಳ ಹೆಗಲ ಮೇಲಿಂದ ಅವ್ವನೂ ನೋಡುತ್ತಿದ್ದಳು. “ಪಾಪ, ಅದಕ್ಕೂ ಅಂಜಿಕಿ ಬರ್ತದ,” ಎಂದಳು.

ನಾನು ಸುಮ್ಮನಾದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ನಮ್ಮ ಕ್ವಾರ್ಟರ್ಸಿಗೆ ಕರೆತಂದು ಎರಡು ವರ್ಷವಾಗಿತ್ತು. ಮೊದಲೇ ಅವಳ ದನಿ ಸಣ್ಣದು. ನಾವೋ ಲೋಕಲ್ ಗಾಡಿಯಲ್ಲಿ ಕೂಗಿ ಕೂಗಿ ಮಾತು ಕಲಿತವರು, ಮನೆಯಲ್ಲಿ ಟಿ.ವಿ., ಕುಕ್ಕರಿನ ಸೀಟಿ. ಅವಳು ಉತ್ತರಿಸದಿದ್ದಾಗ ಕಿವಿ ಮಂದವಾಗಿದೆಯೆಂದು ತಿಳಿದು ಇನ್ನಷ್ಟು ಗಟ್ಟಿಯಾಗಿ ಕೇಳುತ್ತಿದ್ದೆ. ಅವಳು ಎದ್ದು ಗ್ಯಾಲರಿಗೆ ಹೋಗಿಬಿಡುತ್ತಿದ್ದಳು. ಡಾಕ್ಟರಿಗೆ ತೋರಿಸಿದಾಗ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಕೇಳಿಸುತ್ತದೆ ಎಂದರು. ರಿಕ್ಷಾದಲ್ಲಿ ಮರಳುವಾಗ ಅವ್ವ ಹೇಳಿದ್ದಳು: “ನನಗ ಕೇಳಸ್ತದೋ ತಮ್ಮಾ. ನೀ ಚೀರಿದ್ರ ನನ್ನ ಬಾಯಿ ಬರಂಗಿಲ್ಲ.” ಆಗ ನಾನು ನಕ್ಕುಬಿಟ್ಟಿದ್ದೆ.

ಸೆನ್‌ಸ್ಟರಿಗೆ ಅಂಜಿಕೆಯೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಅದರೊಳಗಿನ ನಿಯಮಗಳು ಸರಳ. ಅದಕ್ಕೆ ಜೀವ ತುಂಬಿದವರು ನೋಡಲು ಬಂದ ಜನ. ಬಿ.ಎಸ್‌ಸಿ. ಓದಿದವನು ಇಷ್ಟನ್ನಾದರೂ ಹೇಳಬೇಕು. ಆದರೂ ಅದರ ಮುಂದೆ ನಿಂತವನಿಗೆ ತಾನೆಷ್ಟು ಗಟ್ಟಿಯಾಗಿ ಮಾತನಾಡುತ್ತೇನೆಂಬುದು ತಿಳಿದಿರಬೇಕು. ಅದು ಹಿಂದೆ ಸರಿದಾಗ ನನಗೂ ತಿಳಿಯಿತು.

1974ರಲ್ಲಿ ಅದನ್ನು ಬಿಚ್ಚಿಹಾಕಿದರು. ಉಕ್ಕಿನ ಅಸ್ಥಿಪಂಜರ ಹಾಲೆಂಡಿನಲ್ಲೇ ಹಲವು ದಶಕ ಬಯಲಲ್ಲಿ ಮಳೆಗಾಳಿಗೆ ನಿಂತಿತ್ತು. ಇಹ್ನಾಟೋವಿಚ್ 1988ರಲ್ಲಿ ತೀರಿಕೊಂಡರು. 2017ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಎ.ಜಿ.ಎಚ್. ವಿಶ್ವವಿದ್ಯಾಲಯ ಅದನ್ನು ಕೊಂಡು ತಂದು, ದುರಸ್ತಿ ಮಾಡಿ, ಮತ್ತೆ ಕತ್ತು ಆಡಿಸುವಂತೆ ಮಾಡಿತು. ಮಾಡಿದವರು ಬಿಟ್ಟುಬಂದ ನಾಡಿಗೆ ಅವರ ಕೈಕೆಲಸ ಹೋಗಿ ಸೇರಿತು. ಊರು ಬಿಟ್ಟ ನಮಗೆ ಇದರಲ್ಲೊಂದು ಸಮಾಧಾನವಿದೆ.

ಈಗ ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ ಗ್ಯಾಲರಿಯಲ್ಲಿ ಅವ್ವನ ಪಕ್ಕ ಕೂರುತ್ತೇನೆ. ಕೆಲವು ದಿನ ಅವಳು ಮಾತನಾಡುತ್ತಾಳೆ, ಕೆಲವು ದಿನ ಇಲ್ಲ. ಮೊನ್ನೆ ತಾನಾಗಿಯೇ ಹೇಳಿದಳು: ಅಪ್ಪ ಕೊನೆಯ ಸಂಜೆ ಎರಡು ಸಲ, ನನ್ನ ಗಾಡಿ ಧಾರವಾಡಕ್ಕೆ ಎಷ್ಟು ಗಂಟೆಗೆ ಬರುತ್ತದೆಂದು ಕೇಳಿದ್ದರಂತೆ. ನಾನಿನ್ನೂ ಮುಂಬಯಿಯನ್ನೇ ಬಿಟ್ಟಿರಲಿಲ್ಲ. ಎರಡು ವರ್ಷ ಅವಳು ಆಡದೆ ಇಟ್ಟುಕೊಂಡಿದ್ದ ಮಾತು ಅದು. ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಒಳಗೆ ಟಿ.ವಿ. ಹಾಕಿದ್ದರೆ ನನಗೆ ಕೇಳಿಸುತ್ತಲೇ ಇರಲಿಲ್ಲ.